ಮೊದಲು ಚೀಟಿ, ಆಮೇಲೆ ಮಾತು: ಹತ್ತು ಜನ ಸೇರಿ ಐಡಿಯಾ ಹುಡುಕುವುದು ಹೇಗೆ

ಮೂರು ವರ್ಷದ ಹಿಂದಿನ ಮಾತು. ಮಂಡ್ಯ ಕಡೆಯ ಒಂದು ಹಳ್ಳಿ. ನಾನು ಓದಿದ ಸರ್ಕಾರಿ ಶಾಲೆಯಲ್ಲಿ ಸಭೆ ಕರೆದಿದ್ದರು. ಒಂದನೇ ತರಗತಿಗೆ ಸೇರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಮ್ಮಿಯಾಗುತ್ತಿದ್ದರು. ಏನು ಮಾಡೋಣ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಮೇಷ್ಟ್ರು, ಟೀಚರ್‌ಗಳು, ನನ್ನಂಥ ಮೂರು ನಾಲ್ಕು ಹಳೇ ವಿದ್ಯಾರ್ಥಿಗಳು, ಒಟ್ಟು ಹದಿನಾಲ್ಕು ಜನ ಕೂತಿದ್ದೆವು. “ಯಾರಿಗೆ ಏನು ಹೊಳೆಯುತ್ತೋ ಹೇಳಿ, ಮುಜುಗರ ಬೇಡ” ಎಂದರು ಹೆಡ್‌ಮೇಷ್ಟ್ರು. ಮೊದಲು ಮಾತಾಡಿದವರು ಊರಿನ ಹಿರಿಯರೊಬ್ಬರು. “ಸ್ಮಾರ್ಟ್ ಕ್ಲಾಸ್ ಮಾಡ್ಬೇಕು” ಎಂದರು. ಮುಗಿಯಿತು. ಮುಂದಿನ ಒಂದು ಗಂಟೆ ಟಿವಿ ಎಷ್ಟು ಇಂಚಿನದಿರಬೇಕು, ಕರೆಂಟ್ ಹೋದರೆ ಯುಪಿಎಸ್ ಯಾರು ಕೊಡಿಸುತ್ತಾರೆ, ದಾನಿಗಳ ಹೆಸರನ್ನು ಗೋಡೆ ಮೇಲೆ ಎಲ್ಲಿ ಬರೆಸಬೇಕು, ಇದೇ ಮಾತು. ದಾನಿಗಳ ಹೆಸರಿಗೇ ಇಪ್ಪತ್ತು ನಿಮಿಷ ಹೋಯಿತು.

ಟೀ ಕುಡಿದು ಎದ್ದೆವು. ಲೋಟ ತೊಳೆಯುತ್ತಿದ್ದ ಬಿಸಿಯೂಟದ ಅಕ್ಕ ನನ್ನನ್ನು ನೋಡಿ ನಕ್ಕರು. “ಟಿವಿ ಇಟ್ರೆ ಮಕ್ಕಳು ಬಂದ್ಬುಡ್ತವಾ ಅಣ್ಣ? ಗಾರ್ಮೆಂಟ್ಸ್ ಬಸ್ಸು ಏಳೂವರೆಗೆ ಬತ್ತದೆ. ನಮ್ ಸ್ಕೂಲ್ ಬೀಗ ತೆಗೆಯೋದು ಒಂಬತ್ತೂವರೆಗೆ. ಅಲ್ಲೀತಂಕ ಮಗೀನ ಯಾರು ನೋಡ್ಕೊಂಡಾರು? ಪ್ರೈವೇಟ್ ಸ್ಕೂಲ್ ವ್ಯಾನು ಏಳೂಕಾಲ್ಗೆ ಮನೆ ಬಾಗ್ಲಿಗೇ ಬಂದು ಹತ್ತಿಸ್ಕಂಡೋಯ್ತದೆ.”

ನಾವು ಹದಿನಾಲ್ಕು ಜನ ಒಂದು ಗಂಟೆ ಆಡಿದ್ದಕ್ಕಿಂತ ಆ ನಾಲ್ಕು ಮಾತಿನಲ್ಲಿ ಹುರುಳು ಜಾಸ್ತಿ ಇತ್ತು. ಸಭೆ ನಡೆಯುವಾಗ ಆ ಅಕ್ಕ ಎರಡು ಸಲ ಒಳಗೆ ಬಂದಿದ್ದರು, ಟೀ ತಟ್ಟೆ ಹಿಡಿದು.

ಆವತ್ತಿನಿಂದ ಈ ವಿಷಯದ ಬೆನ್ನು ಹತ್ತಿದೆ. ಓದಿದೆ, ಬೆಂಗಳೂರಿನಲ್ಲಿ ನನ್ನ ಕೆಲಸದ ಜಾಗದಲ್ಲಿ ಪ್ರಯೋಗ ಮಾಡಿದೆ, ಊರಿನ ಶಾಲೆಯಲ್ಲಿ ಮತ್ತೊಮ್ಮೆ ಸಭೆ ಮಾಡಿಸಿದೆ. ಕಲಿತದ್ದು ಇಷ್ಟು: ಐಡಿಯಾ ಹುಡುಕುವಾಗ ಒಬ್ಬೊಬ್ಬರೇ ಇರಬೇಕು. ಅದನ್ನು ತಿದ್ದುವಾಗ, ಜೋಡಿಸುವಾಗ, ಆರಿಸುವಾಗ ಎಲ್ಲರೂ ಬೇಕು. ನಾವು ಮಾಡುವುದು ಉಲ್ಟಾ. ಎಲ್ಲರೂ ಸೇರಿ ಯೋಚಿಸುತ್ತೇವೆ, ಆಮೇಲೆ ಒಬ್ಬರೋ ಇಬ್ಬರೋ ತೀರ್ಮಾನ ಮಾಡುತ್ತಾರೆ.

ಈ ಅಭ್ಯಾಸ ಎಲ್ಲಿಂದ ಬಂತು

“ಬ್ರೇನ್‌ಸ್ಟಾರ್ಮಿಂಗ್” ಅಂತ ಆಫೀಸುಗಳಲ್ಲಿ ಹೇಳುತ್ತಾರಲ್ಲ, ಅದು ಜಾಹೀರಾತಿನವರ ಕೊಡುಗೆ. ಅಮೆರಿಕದ ಬಿಬಿಡಿಓ ಎಂಬ ಜಾಹೀರಾತು ಕಂಪನಿಯ ಹೆಸರಿನ ಕೊನೆಯಲ್ಲಿರುವ ‘ಓ’ ಅಂದರೆ ಆಸ್ಬಾರ್ನ್. ಅಲೆಕ್ಸ್ ಆಸ್ಬಾರ್ನ್ 1930ರ ದಶಕದ ಕೊನೆಯಲ್ಲಿ ತನ್ನ ಕಂಪನಿಯಲ್ಲಿ ಇಂಥ ಕೂಟಗಳನ್ನು ಶುರು ಮಾಡಿದ. ನಾಲ್ಕು ನಿಯಮ ಇಟ್ಟ. ಯಾರನ್ನೂ ಟೀಕಿಸಬಾರದು. ಎಷ್ಟು ಹುಚ್ಚಾಗಿದ್ದರೂ ಹೇಳಬೇಕು. ಎಷ್ಟು ಜಾಸ್ತಿಯೋ ಅಷ್ಟು ಒಳ್ಳೆಯದು. ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸುತ್ತಾ ಹೋಗಬೇಕು. ಹೀಗೆ ಗುಂಪಿನಲ್ಲಿ ಕೂತರೆ ಸಾಮಾನ್ಯ ಮನುಷ್ಯನಿಗೂ ಒಬ್ಬನೇ ಇದ್ದಾಗಿಗಿಂತ ಎರಡರಷ್ಟು ಐಡಿಯಾ ಹೊಳೆಯುತ್ತದೆ ಎಂದು ಪುಸ್ತಕದಲ್ಲಿ ಬರೆದ. ಕೇಳಲು ಚೆನ್ನಾಗಿದೆ. ಕಂಪನಿಗಳು, ಸೈನ್ಯ, ಕಾಲೇಜು ಎಲ್ಲ ಕಡೆ ಹಬ್ಬಿತು.

1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆಗೆ ಇಟ್ಟರು. ಒಂದು ಕಡೆ ನಾಲ್ಕು ನಾಲ್ಕು ವಿದ್ಯಾರ್ಥಿಗಳ ಗುಂಪು. ಇನ್ನೊಂದು ಕಡೆ ಅಷ್ಟೇ ಜನ ಒಬ್ಬೊಬ್ಬರೇ. ಇಬ್ಬರಿಗೂ ಅದೇ ಪ್ರಶ್ನೆ, ಅಷ್ಟೇ ಸಮಯ. ಒಂದು ಪ್ರಶ್ನೆ ಮಜವಾಗಿತ್ತು: ಇನ್ನು ಮುಂದೆ ಹುಟ್ಟುವವರಿಗೆಲ್ಲ ಪ್ರತಿ ಕೈಯಲ್ಲೂ ಇನ್ನೊಂದು ಹೆಬ್ಬೆರಳು ಇದ್ದರೆ ಏನು ಲಾಭ, ಏನು ತೊಂದರೆ? ಒಂಟಿಯಾಗಿ ಯೋಚಿಸಿದ ನಾಲ್ಕು ನಾಲ್ಕು ಜನರ ಪಟ್ಟಿ ಸೇರಿಸಿ, ಒಂದೇ ಐಡಿಯಾ ಎರಡು ಸಲ ಬಂದಿದ್ದರೆ ತೆಗೆದುಹಾಕಿ ಎಣಿಸಿದರು. ಗುಂಪಿಗಿಂತ ಹೆಚ್ಚು ಕಡಿಮೆ ಎರಡರಷ್ಟು ಐಡಿಯಾ ಇತ್ತು. ಆಸ್ಬಾರ್ನ್ ಹೇಳಿದ ‘ಎರಡರಷ್ಟು’ ಬಂತು, ಆದರೆ ಬೇರೆ ಬದಿಯಿಂದ.

ವಿದ್ಯಾರ್ಥಿಗಳಲ್ವಾ, ಅನುಭವ ಇಲ್ಲ ಅನ್ನಬಹುದು. 1963ರಲ್ಲಿ ಮಿನೆಸೋಟಾದ ತ್ರೀಎಂ ಕಂಪನಿಯಲ್ಲೇ 48 ವಿಜ್ಞಾನಿಗಳು, 48 ಜಾಹೀರಾತು ವಿಭಾಗದವರ ಮೇಲೆ ಇದೇ ಪರೀಕ್ಷೆ ನಡೆಯಿತು. 24 ಗುಂಪಿನಲ್ಲಿ 23 ಗುಂಪಿನವರು ಒಬ್ಬೊಬ್ಬರೇ ಕೂತಾಗಲೇ ಜಾಸ್ತಿ ಕೊಟ್ಟರು. ವಾಚಾಳಿಗಳು ಅಂತ ಹೆಸರಾದ ಜಾಹೀರಾತಿನವರದ್ದೂ ಅದೇ ಕಥೆ.

ಎಲ್ಲಿ ಸೋರುತ್ತದೆ

ದೊಡ್ಡ ತೂತು ಯಾವುದು ಗೊತ್ತಾ? ಹೆದರಿಕೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಸರದಿ. ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕಲ್ಲ, ಅದೇ ಮುಖ್ಯ ಕಾರಣ.

ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಮೈಕೆಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಸ್ಟ್ರೋಬೆ ಎಂಬ ಇಬ್ಬರು 1987ರಲ್ಲಿ ಇದನ್ನು ಚೆಂದವಾಗಿ ಬಿಡಿಸಿ ತೋರಿಸಿದರು. ಜನರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಮೈಕ್ ಕೊಟ್ಟರು. ಮುಖ ಕಾಣುವುದಿಲ್ಲ, ಹೆದರುವ ಮಾತಿಲ್ಲ. ಆದರೆ ಟ್ರಾಫಿಕ್ ಸಿಗ್ನಲ್ ಥರ ಒಂದು ದೀಪದ ಏರ್ಪಾಡು. ಬೇರೆ ಕೋಣೆಯವರು ಮಾತಾಡುತ್ತಿದ್ದರೆ ನಿಮ್ಮ ಕಡೆ ಕೆಂಪು ದೀಪ, ನೀವು ಸುಮ್ಮನಿರಬೇಕು. ಅಷ್ಟೇ ಸಾಕಾಯಿತು, ಐಡಿಯಾಗಳು ಗುಂಪಿನ ಮಟ್ಟಕ್ಕೇ ಇಳಿದವು. ದೀಪದ ಗೊಡವೆ ಇಲ್ಲದೆ ಮಾತಾಡಿದವರದ್ದು ಇಳಿಯಲಿಲ್ಲ.

ನಿಮಗೂ ಗೊತ್ತಿರುವ ಅನುಭವವೇ ಇದು. ಮೀಟಿಂಗಿನಲ್ಲಿ ಏನೋ ಹೊಳೆಯುತ್ತದೆ. ಇನ್ನೊಬ್ಬರು ಮಾತಾಡುತ್ತಿದ್ದಾರೆ. ಮರೆಯಬಾರದು ಅಂತ ಅದನ್ನೇ ಮನಸ್ಸಿನಲ್ಲಿ ಹಿಡಿದು ಕೂರುತ್ತೀರಿ. ಆಗ ಅವರ ಮಾತೂ ಕಿವಿಗೆ ಬೀಳುವುದಿಲ್ಲ, ಹೊಸದೂ ಹೊಳೆಯುವುದಿಲ್ಲ. ನಿಮ್ಮ ಸರದಿ ಬರುವ ಹೊತ್ತಿಗೆ ಮಾತು ಬೇರೆಲ್ಲೋ ಹೋಗಿರುತ್ತದೆ. “ಇರ್ಲಿ ಬಿಡಿ, ಏನಿಲ್ಲ” ಅಂದುಬಿಡುತ್ತೀರಿ.

ಎರಡನೆಯದು ಸಂಕೋಚ. ನಮ್ಮಲ್ಲಿ ಇದು ಇನ್ನೂ ಗಟ್ಟಿ. ಹಿರಿಯರು ಒಂದು ಮಾತು ಹೇಳಿದ ಮೇಲೆ ಬೇರೆ ದಿಕ್ಕಿನ ಮಾತು ಎತ್ತುವುದು ಎದುರು ಮಾತಾಡಿದ ಹಾಗೆ. ನಮ್ಮ ಸಭೆಯಲ್ಲಿ ಸ್ಮಾರ್ಟ್ ಕ್ಲಾಸ್ ಒಪ್ಪದವರು ಕಮ್ಮಿ ಅಂದರೂ ಐದು ಜನ ಇದ್ದರು. ಹೊರಗೆ ಬಂದು ಬೈಕ್ ಸ್ಟಾರ್ಟ್ ಮಾಡುವಾಗ ಒಬ್ಬೊಬ್ಬರೇ ಹೇಳಿದರು.

ಮೂರನೆಯದು ಸೋಮಾರಿತನ. ತೇರಿನ ಹಗ್ಗಕ್ಕೆ ಕೈ ಹಚ್ಚಿದವರೆಲ್ಲ ಎಳೆಯುತ್ತಾರಾ? ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ 1880ರ ದಶಕದಲ್ಲೇ ಹಗ್ಗ ಎಳೆಸಿ ಅಳೆದು ನೋಡಿದ್ದ. ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬನ ಪಾಲು, ಅವನು ಒಬ್ಬನೇ ಎಳೆಯುವುದರ ಸುಮಾರು ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಜಗ್ಗದಿರುವುದು ಒಂದು ಕಾರಣ, ಹೇಗೂ ಇನ್ನೊಬ್ಬ ಎಳೆಯುತ್ತಾನೆ ಅನ್ನುವುದು ಇನ್ನೊಂದು. ಮೀಟಿಂಗಿನಲ್ಲಿ ಹಗ್ಗವೂ ಇಲ್ಲ, ಹಿಡಿದ ಹಾಗೆ ಕೈ ತೋರಿಸುವ ಕಷ್ಟವೂ ಇಲ್ಲ. ಸುಮ್ನೆ ತಲೆ ಆಡಿಸಿದರೆ ಸಾಕು.

ಇಷ್ಟಾದರೂ ಈ ಪದ್ಧತಿ ಯಾಕೆ ಸತ್ತಿಲ್ಲ? ಗುಂಪಿನಲ್ಲಿ ಕೂತು ಎದ್ದವರಿಗೆ ತುಂಬ ಕೆಲಸ ಆಯಿತು ಅನ್ನಿಸುತ್ತದೆ. ಕೋಣೆಯಲ್ಲಿ ಮಾತು ನಿಲ್ಲದೆ ಹರಿದಿರುತ್ತದೆ. ಬೇರೆಯವರು ಹೇಳಿದ್ದು “ಇದು ನನಗೂ ಹೊಳೆದಿತ್ತು” ಅನ್ನಿಸಿ ನಮ್ಮ ಖಾತೆಗೇ ಜಮಾ ಆಗುತ್ತದೆ. ಇದನ್ನೂ ಸ್ಟ್ರೋಬೆ ಮತ್ತು ಜೊತೆಗಾರರು ಆಮೇಲೆ ಪ್ರಯೋಗದಲ್ಲಿ ತೋರಿಸಿದ್ದಾರೆ. ನಾವೂ ಆವತ್ತು ಖುಷಿಯಾಗಿಯೇ ಎದ್ದಿದ್ದೆವು.

ಸರಿ, ಹಾಗಾದರೆ ಹೇಗೆ ಮಾಡಬೇಕು? ಎಂಟರಿಂದ ಹದಿನೈದು ಜನ, ಒಂದೂವರೆ ಗಂಟೆ ಎಂದಿಟ್ಟುಕೊಂಡು ಹೇಳುತ್ತೇನೆ. ಶಾಲೆ, ಅಪಾರ್ಟ್‌ಮೆಂಟ್ ಸಂಘ, ಆಫೀಸಿನ ಟೀಮ್, ಊರ ಹಬ್ಬದ ಕಮಿಟಿ, ಎಲ್ಲಕ್ಕೂ ಆಗುತ್ತದೆ.

1. ಪ್ರಶ್ನೆ ಬರೆಯಿರಿ. ಇದಕ್ಕೇ ಅರ್ಧ ಶ್ರಮ ಹಾಕಿ

“ಶಾಲೆ ಅಭಿವೃದ್ಧಿ ಹೇಗೆ?” ಇದು ಪ್ರಶ್ನೆ ಅಲ್ಲ, ಭಾಷಣದ ತಲೆಬರಹ. ಇಂಥದ್ದನ್ನು ಕೇಳಿದರೆ ಭಾಷಣವೇ ಬರುತ್ತದೆ. “ಸ್ಮಾರ್ಟ್ ಕ್ಲಾಸಿಗೆ ದುಡ್ಡು ಹೊಂದಿಸುವುದು ಹೇಗೆ?” ಇದು ಪ್ರಶ್ನೆಯ ವೇಷ ಹಾಕಿದ ಉತ್ತರ. ಪ್ರಶ್ನೆಯೊಳಗೆ ಉತ್ತರ ಅವಿತಿದೆಯಾ ಅಂತ ಮೊದಲು ನೋಡಿ. ಇದ್ದರೆ ಅದನ್ನು ಕಿತ್ತುಹಾಕಿ.

ಒಳ್ಳೆಯ ಪ್ರಶ್ನೆಯಲ್ಲಿ ಒಬ್ಬ ಮನುಷ್ಯ, ಒಂದು ಹೊತ್ತು, ಒಂದು ಅಡಚಣೆ ಇರುತ್ತದೆ. ಎರಡನೇ ಸಭೆಗೆ ನಾವು ಬರೆದದ್ದು: “ಬೆಳಗ್ಗೆ ಏಳೂವರೆಗೆ ಕೆಲಸಕ್ಕೆ ಹೋಗುವ ತಾಯಿ ಮಗುವನ್ನು ನಮ್ಮ ಶಾಲೆಗೇ ಸೇರಿಸಬೇಕಾದರೆ ನಾವು ಏನೇನು ಮಾಡಬಹುದು?” ಅಪಾರ್ಟ್‌ಮೆಂಟಿನವರಾದರೆ “ನೀರಿನ ಸಮಸ್ಯೆಗೆ ಪರಿಹಾರ ಏನು?” ಅನ್ನಬೇಡಿ. “ಏಪ್ರಿಲ್ ತಿಂಗಳಲ್ಲಿ ದಿನಕ್ಕೆ ಒಂದು ಟ್ಯಾಂಕರ್ ಕಮ್ಮಿ ತರಿಸಬೇಕಾದರೆ ಯಾವ ಯಾವ ಕಡೆ ನೀರು ಉಳಿಸಬಹುದು?” ಎಂದು ಕೇಳಿ.

ಈ ಪ್ರಶ್ನೆ ಬರೆಯುವ ಮೊದಲು ಎರಡು ಮೂರು ಜನರ ಹತ್ತಿರ ಹೋಗಿ ಮಾತಾಡಿಸಿ. ಸಭೆಗೆ ಬರುವವರನ್ನಲ್ಲ. ತೊಂದರೆ ಅನುಭವಿಸುವವರನ್ನು. ನಾವು ನಾಲ್ಕು ಮನೆಗೆ ಹೋಗಿದ್ದೆವು. ನಾಲ್ಕರಲ್ಲಿ ಮೂರು ಮನೆಯಲ್ಲಿ ಅಕ್ಕ ಹೇಳಿದ್ದೇ ಸಿಕ್ಕಿತು. ನಾಲ್ಕನೆಯವರಿಗೆ ಇಂಗ್ಲಿಷ್ ಮೀಡಿಯಂ ಬೇಕಿತ್ತು. ಅದು ಬೇರೆಯೇ ಪ್ರಶ್ನೆ, ಒಂದೇ ಸಭೆಗೆ ಎರಡನ್ನೂ ತುರುಕಬೇಡಿ.

2. ಪ್ರಶ್ನೆಯನ್ನು ಎರಡು ದಿನ ಮೊದಲೇ ಕೊಡಿ

ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ. ಆದರೆ “ಉತ್ತರ ಇಲ್ಲಿ ಬರೆಯಬೇಡಿ” ಅಂತ ದಪ್ಪಕ್ಷರದಲ್ಲಿ ಸೇರಿಸಿ. ಇಲ್ಲದಿದ್ದರೆ ಮೊದಲ ಉತ್ತರ ಬಿದ್ದ ತಕ್ಷಣ ಹೆಬ್ಬೆರಳುಗಳ ಮಳೆ ಸುರಿಯುತ್ತದೆ. ಅಲ್ಲಿಗೆ ಸಭೆ ಆದಂತೆಯೇ. ಯೋಚಿಸಿ ಬನ್ನಿ, ಅಷ್ಟೇ.

3. ಒಬ್ಬೊಬ್ಬರೇ, ಮೌನವಾಗಿ, ಚೀಟಿಯಲ್ಲಿ

ಸಭೆ ಶುರುವಾದ ತಕ್ಷಣ ಸ್ವಾಗತ ಭಾಷಣಕ್ಕೂ ಮೊದಲೇ ಚೀಟಿ ಹಂಚಿ. ಹಳೇ ನೋಟ್‌ಬುಕ್ಕಿನ ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ಸಾಕು. ಅಂಟಿಸುವ ಬಣ್ಣದ ಚೀಟಿ ಬೇಕೆಂದಿಲ್ಲ. ಒಬ್ಬೊಬ್ಬರಿಗೆ ಹತ್ತು ಚೀಟಿ, ಒಂದು ಚೀಟಿಗೆ ಒಂದೇ ಐಡಿಯಾ, ಹದಿನೈದು ನಿಮಿಷ. ಯಾರೂ ಮಾತಾಡುವಂತಿಲ್ಲ. ಹೆಸರು ಬರೆಯುವಂತಿಲ್ಲ.

ಐದು ನಿಮಿಷ ಆದ ಮೇಲೆ ಎಲ್ಲರ ಪೆನ್ನೂ ನಿಲ್ಲುತ್ತದೆ. ಕಿಟಕಿ ಕಡೆ ನೋಡುತ್ತಾರೆ. ಮೊಬೈಲ್ ತೆಗೆಯುತ್ತಾರೆ. ಸಭೆ ನಡೆಸುವವರಿಗೂ ಕಸಿವಿಸಿ ಆಗಿ “ಆಯ್ತಾ?” ಅಂದುಬಿಡಬೇಕು ಅನ್ನಿಸುತ್ತದೆ. ಅನ್ನಬೇಡಿ. ಮೊದಲ ಐದು ನಿಮಿಷದಲ್ಲಿ ಬರುವುದು ಎಲ್ಲರಿಗೂ ಗೊತ್ತಿರುವುದು. ಬೋರ್ಡ್ ಹಾಕಿಸೋಣ, ಜಾಥಾ ಮಾಡೋಣ, ಶಾಸಕರಿಗೆ ಮನವಿ ಕೊಡೋಣ. ಅವು ಖಾಲಿಯಾದ ಮೇಲೆಯೇ ಸ್ವಂತದ್ದು ಬರುವುದು. ಹೊತ್ತು ಹೋದಂತೆ ನಮ್ಮ ತಲೆ ಬರಿದಾಗುತ್ತದೆ ಅಂತ ನಾವು ನಂಬುತ್ತೇವೆ. ನಿಜವಾಗಿ ಕೊನೆಕೊನೆಗೆ ಬರುವವು ಅಷ್ಟೇ ಚೆನ್ನಾಗಿರುತ್ತವೆ, ಎಷ್ಟೋ ಸಲ ಇನ್ನೂ ಚೆನ್ನಾಗಿರುತ್ತವೆ. ಅಮೆರಿಕದ ಬ್ರಯಾನ್ ಲೂಕಸ್ ಮತ್ತು ಲೋರನ್ ನೋರ್ಡ್‌ಗ್ರೆನ್ 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದು ಇದೇ. ಅದಕ್ಕೇ ಹತ್ತು ಚೀಟಿ ಕೊಡುವುದು. ಆರನೇ ಚೀಟಿಯಿಂದ ಮಜಾ ಶುರು.

ಬರೆಯಲು ಬಾರದವರು, ಬರೆದು ಅಭ್ಯಾಸ ತಪ್ಪಿದವರು ಇರುತ್ತಾರೆ. ಅವರನ್ನು ಬಿಟ್ಟರೆ ಈ ಇಡೀ ವ್ಯವಹಾರಕ್ಕೆ ಅರ್ಥವೇ ಇಲ್ಲ. ನಾವು ಹೈಸ್ಕೂಲು ಓದುವ ಒಬ್ಬಳು ಹುಡುಗಿಯನ್ನು ವರಾಂಡದಲ್ಲಿ ಕೂರಿಸಿದೆವು. ಒಬ್ಬೊಬ್ಬರೇ ಹೋಗಿ ಹೇಳಿದರು, ಅವಳು ಬರೆದಳು. ಬಿಸಿಯೂಟದ ಅಕ್ಕ ಒಬ್ಬರೇ ಏಳು ಚೀಟಿ ಬರೆಸಿದರು. ಸಭೆಗೆ ಬರಲು ಆಗದವರು ಫೋನಿನಲ್ಲಿ ದನಿ ರೆಕಾರ್ಡ್ ಮಾಡಿ ಕಳಿಸಿದರೂ ಆಯಿತು. ಅದನ್ನು ಚೀಟಿಗೆ ಇಳಿಸಿ ಉಳಿದವುಗಳ ಜೊತೆ ಸೇರಿಸಿ.

4. ಚೀಟಿ ಓದುವುದು

ಎಲ್ಲ ಚೀಟಿ ಮಡಚಿ ಒಂದು ಡಬ್ಬಕ್ಕೆ ಹಾಕಿ ಕಲಸಿ. ಒಬ್ಬರು ತೆಗೆದು ಓದಬೇಕು. ಸಣ್ಣ ಊರಿನಲ್ಲಿ ಎಲ್ಲರ ಅಕ್ಷರ ಎಲ್ಲರಿಗೂ ಗೊತ್ತು. ಆದ್ದರಿಂದ ಓದುವವರು ಹೊರಗಿನವರಾದರೆ ಒಳ್ಳೆಯದು, ಚೀಟಿಯನ್ನು ಪಕ್ಕದವರಿಗೆ ತೋರಿಸಬಾರದು. ಓದುವ ದನಿಯೂ ಒಂದೇ ಸಮ ಇರಲಿ. ನಗು ಬರುವ ಚೀಟಿ ಬಂದರೂ ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಓದಬೇಕು.

ಈ ಹಂತದಲ್ಲಿ ಚರ್ಚೆ ಇಲ್ಲ. “ಇದರ ಅರ್ಥ ಏನು?” ಅಂತ ಮಾತ್ರ ಕೇಳಬಹುದು. “ಇದು ಆಗಲ್ಲ” ಅನ್ನುವಂತಿಲ್ಲ, “ಸೂಪರ್” ಅನ್ನುವಂತೆಯೂ ಇಲ್ಲ. ಹೊಗಳಿಕೆಯೂ ಅಷ್ಟೇ ಕೆಡಿಸುತ್ತದೆ. ಈ ಇಡೀ ಕ್ರಮಕ್ಕೆ, ಅಂದರೆ ಮೌನವಾಗಿ ಬರೆಯುವುದು, ಸರದಿಯಲ್ಲಿ ಓದುವುದು, ಅರ್ಥ ಬಿಡಿಸುವುದು, ಕೊನೆಗೆ ಅಂಕ ಹಾಕುವುದು, ಇದಕ್ಕೆ ನಾಮಿನಲ್ ಗ್ರೂಪ್ ಟೆಕ್ನಿಕ್ ಎಂದು ಹೆಸರು. ಡೆಲ್ಬೆಕ್ ಮತ್ತು ವ್ಯಾನ್ ಡಿ ವೆನ್ ಎಂಬಿಬ್ಬರು ಅಮೆರಿಕದಲ್ಲಿ 1971ರಲ್ಲಿ ಇದನ್ನು ಬರೆದಿಟ್ಟರು. ‘ನಾಮಿನಲ್’ ಅಂದರೆ ಹೆಸರಿಗೆ ಮಾತ್ರ ಗುಂಪು. ನಮ್ಮ ಕಮಿಟಿಗಳಿಗೆ ಆ ಹೆಸರು ಬೇರೆ ಅರ್ಥದಲ್ಲೂ ಒಪ್ಪುತ್ತದೆ, ಇರಲಿ.

ಚೀಟಿ ಬೇಡ ಅನ್ನುವವರಿಗೆ: ಸುತ್ತುವ ಹಾಳೆ

ಚಿಕ್ಕ ಟೀಮ್ ಇದ್ದರೆ, ಎಲ್ಲರಿಗೂ ಬರೆಯುವ ಅಭ್ಯಾಸ ಇದ್ದರೆ, ಇನ್ನೊಂದು ದಾರಿ ಇದೆ. ಜರ್ಮನಿಯ ಬರ್ನ್ಡ್ ರೋಹ್ರ್‌ಬಾಕ್ 1960ರ ದಶಕದ ಕೊನೆಗೆ ಹೇಳಿಕೊಟ್ಟದ್ದು. ಆರು ಜನ, ಒಬ್ಬೊಬ್ಬರ ಮುಂದೆ ಒಂದು ಹಾಳೆ. ಐದು ನಿಮಿಷದಲ್ಲಿ ಮೂರು ಐಡಿಯಾ ಬರೆದು ಹಾಳೆಯನ್ನು ಬಲಗಡೆಯವರಿಗೆ ದಾಟಿಸಬೇಕು. ಅವರು ಅದನ್ನು ಓದಿ ಕೆಳಗೆ ಇನ್ನು ಮೂರು ಬರೆಯಬೇಕು. ಬೇಕಾದರೆ ಮೇಲಿನದಕ್ಕೇ ಕೊಂಬೆ ಹಚ್ಚಬಹುದು. ಆರು ಸುತ್ತು, ಅರ್ಧ ಗಂಟೆ, 108 ಐಡಿಯಾ. ಕಾಗದದ ಮೇಲಿನ ಲೆಕ್ಕ ಅದು. ನಾನು ಮಾಡಿಸಿದಾಗೆಲ್ಲ ನಾಲ್ಕನೇ ಸುತ್ತಿಗೆ ಜನ ಸುಸ್ತಾಗಿ “ಮೇಲಿನಂತೆಯೇ” ಅಂತ ಬರೆಯತೊಡಗುತ್ತಾರೆ. ನಾಲ್ಕಕ್ಕೇ ನಿಲ್ಲಿಸಿದರೂ ನಷ್ಟವಿಲ್ಲ. ಒಬ್ಬರ ಮಾತಿನಿಂದ ಇನ್ನೊಬ್ಬರಿಗೆ ಹೊಳೆಯಬೇಕು ಅನ್ನುವ ಆಸ್ಬಾರ್ನ್‌ನ ಆಸೆ ಇಲ್ಲಿ ಈಡೇರುತ್ತದೆ, ಯಾರೂ ಸರದಿ ಕಾಯದೆ.

5. ನೆಲದ ಮೇಲೆ ಹರಡಿ

ಓದಿದ ಚೀಟಿಗಳನ್ನು ಜಮಖಾನದ ಮೇಲೆ ಹರಡಿ. ಎಲ್ಲರೂ ಸುತ್ತ ನಿಂತು, ಒಂದಕ್ಕೊಂದು ಹತ್ತಿರ ಅನ್ನಿಸಿದ ಚೀಟಿಗಳನ್ನು ಹತ್ತಿರ ಸರಿಸಲಿ. ಇದೂ ಮೌನವಾಗಿ. ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ಎತ್ತಿ ಬೇರೆ ಕಡೆ ಇಡಬಹುದು.

ಜಪಾನಿನ ಮಾನವಶಾಸ್ತ್ರಜ್ಞ ಜಿರೋ ಕವಾಕಿತಾ ಕಟ್ಟಿದ ದಾರಿ ಇದು. ನೇಪಾಳದ ಬೆಟ್ಟದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಓಡಾಡಿದವರು. ಹಳ್ಳಿ ಸುತ್ತಿ ತಂದ ರಾಶಿ ರಾಶಿ ಟಿಪ್ಪಣಿಗಳನ್ನು ಹೇಗೆ ಜೋಡಿಸುವುದು ಅನ್ನುವ ತಲೆನೋವಿನಿಂದ ಹುಟ್ಟಿದ್ದು ಈ ಕ್ರಮ. ಅವರ ಹೆಸರಿನ ಅಕ್ಷರಗಳಿಂದ ಕೆಜೆ ವಿಧಾನ ಎಂದೇ ಕರೆಯುತ್ತಾರೆ. 1984ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಬಂದದ್ದೂ ಅದೇ ಪ್ರಶಸ್ತಿ.

ಕವಾಕಿತಾ ಒತ್ತಿ ಹೇಳಿದ್ದು: ಮೊದಲೇ ತಲೆಬರಹ ಮಾಡಿ ಅದರ ಕೆಳಗೆ ಚೀಟಿ ತುಂಬಬೇಡಿ. ‘ಹಣಕಾಸು’, ‘ಪ್ರಚಾರ’, ‘ಕಟ್ಟಡ’ ಅಂತ ಮೂರು ಡಬ್ಬ ಇಟ್ಟುಕೊಂಡರೆ ಸಿಗುವುದು ಹಳೇ ವರದಿಯೇ. ಚೀಟಿಗಳು ತಾವಾಗಿ ಗುಂಪು ಕಟ್ಟಲಿ, ಹೆಸರು ಕೊನೆಗೆ ಇಡಿ. ನಮ್ಮಲ್ಲಿ ‘ಅಜ್ಜಿಯರು’ ಅನ್ನುವ ಗುಂಪೊಂದು ಹುಟ್ಟಿತು! ಮನೆಯಲ್ಲಿ ಸುಮ್ಮನೆ ಕೂರುವ ಅಜ್ಜಿಯರಿಂದ ಬೆಳಗ್ಗೆ ಕಥೆ ಹೇಳಿಸುವುದು, ಅಜ್ಜಿಯರು ಸರದಿಯಲ್ಲಿ ಮಕ್ಕಳನ್ನು ಕರೆತರುವುದು, ಹೀಗೆ ಐದು ಚೀಟಿ. ಯಾವ ಕಮಿಟಿಯೂ ಮೊದಲೇ ಅಂಥ ತಲೆಬರಹ ಬರೆಯುತ್ತಿರಲಿಲ್ಲ.

6. ಈಗ ಜಗಳ ಆಡಿ

ಹೌದು, ಈಗ. ಟೀಕೆ ಮಾಡಬಾರದು ಅನ್ನುವ ಆಸ್ಬಾರ್ನ್‌ನ ನಿಯಮವನ್ನು ಇಲ್ಲಿಗೆ ಬಿಟ್ಟುಬಿಡಿ. ಕ್ಯಾಲಿಫೋರ್ನಿಯಾದ ಶಾರ್ಲನ್ ನೆಮೆತ್ ಮತ್ತು ಸಂಗಡಿಗರು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ ಟ್ರಾಫಿಕ್ ಕಮ್ಮಿ ಮಾಡುವುದು ಹೇಗೆ ಅಂತ ಗುಂಪುಗಳಿಗೆ ಕೇಳಿದ್ದರು. ಕೆಲವರಿಗೆ “ಟೀಕಿಸಬೇಡಿ” ಎಂದರು. ಕೆಲವರಿಗೆ “ವಾದ ಮಾಡಿ, ಬೇಕಾದರೆ ಟೀಕಿಸಿ” ಎಂದರು. ಫ್ರಾನ್ಸಿನಲ್ಲೂ ಇದನ್ನೇ ಮಾಡಿ ನೋಡಿ 2004ರಲ್ಲಿ ಪ್ರಕಟಿಸಿದರು. ವಾದ ಮಾಡಿದವರು ಹಿಂದೆ ಬೀಳಲಿಲ್ಲ, ಸ್ವಲ್ಪ ಮುಂದೆಯೇ ಇದ್ದರು.

ಒಂದು ಎಚ್ಚರ. ವಾದ ಚೀಟಿಯ ಜೊತೆ ಇರಲಿ, ಚೀಟಿ ಬರೆದವರ ಜೊತೆ ಬೇಡ. ಹೆಸರಿಲ್ಲದ ಚೀಟಿಯ ಲಾಭ ಇಲ್ಲಿ ಗೊತ್ತಾಗುತ್ತದೆ. “ಶಾಲೆ ಎಂಟಕ್ಕೆ ತೆರೆಯೋದು ಆಗೋ ಮಾತಲ್ಲ, ಬೀಗ ಯಾರು ತೆಗೀತಾರೆ, ಏನಾದ್ರೂ ಆದ್ರೆ ಯಾರು ಹೊಣೆ?” ಎಂದು ಒಬ್ಬ ಮೇಷ್ಟ್ರು ಜೋರಾಗಿಯೇ ಕೇಳಿದರು. ನ್ಯಾಯವಾದ ಪ್ರಶ್ನೆ. ಯಾರಿಗೂ ಬೇಜಾರಾಗಲಿಲ್ಲ, ಯಾಕೆಂದರೆ ಅದು ಯಾರ ಐಡಿಯಾ ಅಂತಲೇ ಗೊತ್ತಿರಲಿಲ್ಲ. ಆ ಪ್ರಶ್ನೆಯಿಂದಲೇ ಮಾತು ಶಾಲೆಯ ಬಾಗಿಲು ಬಿಟ್ಟು ಪಕ್ಕದ ಗ್ರಂಥಾಲಯದ ಕೋಣೆಯ ಕಡೆ ತಿರುಗಿತು. ಆ ಕೋಣೆ ಯಾವ ಚೀಟಿಯಲ್ಲೂ ಇರಲಿಲ್ಲ. ಗುಂಪು ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಹೊತ್ತಿನಲ್ಲಿ.

7. ಅಂಕ ಹಾಕುವುದು

ಕೈ ಎತ್ತಿಸಬೇಡಿ. ದೊಡ್ಡವರ ಕೈ ಮೇಲೆ ಹೋದದ್ದು ನೋಡಿ ಉಳಿದ ಕೈಗಳು ಏಳುತ್ತವೆ. ಒಬ್ಬೊಬ್ಬರಿಗೆ ಒಂದು ಚೀಟಿ. ತಮಗೆ ಒಳ್ಳೆಯದು ಅನ್ನಿಸಿದ ಐದನ್ನು ಆರಿಸಿ 5, 4, 3, 2, 1 ಅಂಕ ಕೊಡಲಿ. ಕೂಡಿ ಬೋರ್ಡಿನ ಮೇಲೆ ಬರೆಯಿರಿ. ಐದು ನಿಮಿಷದ ಕೆಲಸ.

8. ಸೋತಂತೆ ಊಹಿಸಿ

ಮೊದಲ ಒಂದೆರಡು ಸ್ಥಾನ ಬಂದದ್ದನ್ನು ಹಿಡಿದು ಹೀಗೆ ಕೇಳಿ: “ಇವತ್ತಿಗೆ ಒಂದು ವರ್ಷ ಆಯಿತು. ಇದು ಪೂರ್ತಿ ಕೆಟ್ಟುಹೋಯಿತು. ಯಾಕೆ ಕೆಟ್ಟಿತು?” ಮತ್ತೆ ಐದು ನಿಮಿಷ ಚೀಟಿಯಲ್ಲಿ ಬರೆಯಿರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೇಳಿಕೊಟ್ಟ ಉಪಾಯ. “ಏನಾದರೂ ತೊಂದರೆ ಇದೆಯಾ?” ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಅಪಶಕುನ ನುಡಿದ ಹಾಗಾಗುತ್ತದೆ. ಆಗಲೇ ಕೆಟ್ಟುಹೋಗಿದೆ ಅಂದರೆ ಎಲ್ಲರಿಗೂ ಕಾರಣ ಗೊತ್ತು. ನಮಗೆ ಬಂದ ಚೀಟಿಗಳಲ್ಲಿ ಒಂದು: “ಮೊದಲ ತಿಂಗಳು ಉತ್ಸಾಹ, ಶ್ರಾವಣದ ಹೊತ್ತಿಗೆ ಬೀಗದ ಕೈ ಯಾರ ಹತ್ತಿರ ಇದೆ ಅಂತಲೇ ಮರೆತೆವು.” ಅದಕ್ಕೇ ಮೂರು ಬೀಗದ ಕೈ ಮಾಡಿಸಿದೆವು.

ಆಫೀಸಿನಲ್ಲಿದ್ದರೆ

ಬಾಸ್ ಕೊನೆಗೆ ಮಾತಾಡಲಿ. ಅವರೇ ಸಭೆ ನಡೆಸುವುದಾದರೆ ತಮ್ಮ ಚೀಟಿಯನ್ನೂ ಡಬ್ಬಕ್ಕೇ ಹಾಕಲಿ. ಇದನ್ನು ಅವರಿಗೆ ಹೇಳುವುದು ಹೇಗೆ ಅನ್ನುವುದು ಈ ಲೇಖನದ ವ್ಯಾಪ್ತಿ ಮೀರಿದ್ದು.

ಮನೆಯಿಂದ ಕೆಲಸ ಮಾಡುವ ಟೀಮ್ ಇದ್ದರೆ ಎಲ್ಲರೂ ಒಂದೇ ಹಂಚಿಕೊಂಡ ಡಾಕ್ಯುಮೆಂಟಿನಲ್ಲಿ ಒಟ್ಟಿಗೇ ಟೈಪ್ ಮಾಡಬಹುದು. ಸರದಿ ಕಾಯಬೇಕಿಲ್ಲವಾದ್ದರಿಂದ ಜನ ಜಾಸ್ತಿಯಾದಷ್ಟೂ ಇದು ಮಾತಿನ ಮೀಟಿಂಗಿಗಿಂತ ಮೇಲು ಎಂದು 1990ರ ದಶಕದ ಪ್ರಯೋಗಗಳಲ್ಲೇ ಕಂಡಿದೆ. ಹೆಸರು ಕಾಣದ ಹಾಗೆ ಸೆಟ್ಟಿಂಗ್ ಇಟ್ಟುಕೊಳ್ಳಿ.

ಇಷ್ಟೆಲ್ಲಕ್ಕೆ ಸಮಯ ಇಲ್ಲ, ಅರ್ಧ ಗಂಟೆಯ ಮೀಟಿಂಗು ಅನ್ನುತ್ತೀರಾ? ಹಾಗಾದರೆ ಮೊದಲ ಹತ್ತು ನಿಮಿಷ ಒಬ್ಬೊಬ್ಬರೇ ಬರೆಯಿರಿ, ಉಳಿದ ಇಪ್ಪತ್ತು ನಿಮಿಷ ಮಾತಾಡಿ. ಗಿರೋತ್ರಾ, ಟರ್ವಿಶ್, ಉಲ್ರಿಚ್ ಎಂಬ ಮೂವರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದೇ ಅಳತೆ ಇತ್ತು. ಪೂರ್ತಿ ಅರ್ಧ ಗಂಟೆ ಒಟ್ಟಿಗೆ ಕೂತವರಿಗಿಂತ ಹೀಗೆ ಮಾಡಿದವರಿಗೆ ಐಡಿಯಾ ಜಾಸ್ತಿ ಸಿಕ್ಕಿತು, ಗುಣದಲ್ಲೂ ಮೇಲಿತ್ತು, ಅವುಗಳಲ್ಲಿ ಒಳ್ಳೆಯದು ಯಾವುದು ಅಂತ ಗುರುತಿಸುವುದರಲ್ಲೂ ಅವರೇ ಮುಂದಿದ್ದರು. ಹತ್ತು ನಿಮಿಷಕ್ಕೆ ಇಷ್ಟು ಸಿಗುವುದಾದರೆ ಮಾಡಬಹುದಲ್ವಾ?

ಹಾಗಂತ ಮಾತಿನ ಸಭೆ ಬೇಡವೇ ಬೇಡ ಅಂತಲ್ಲ. ಹೊಸಬರಿಗೆ ಕೆಲಸದ ರೀತಿ ಗೊತ್ತಾಗಬೇಕು, ಜನ ಒಬ್ಬರಿಗೊಬ್ಬರು ಪರಿಚಯ ಆಗಬೇಕು, ಹಳೇ ಮುನಿಸು ಕರಗಬೇಕು. ಅದಕ್ಕೆಲ್ಲ ಕೂತು ಹರಟುವುದೇ ಸರಿ. ಆ ಸಭೆಯಿಂದ ಐಡಿಯಾ ನಿರೀಕ್ಷಿಸಬೇಡಿ, ಅಷ್ಟೇ. ಚೌಚೌ ಬಾತ್ ತರಿಸಿ.

9. ಉಳಿದ ಚೀಟಿ ಎಸೆಯಬೇಡಿ

ಸಭೆ ಮುಗಿದ ಮೇಲೆ ಆರಿಸಿದ್ದನ್ನು ಯಾರು, ಯಾವ ದಿನದೊಳಗೆ ಮಾಡುತ್ತಾರೆ ಅಂತ ಬೋರ್ಡಿನ ಮೇಲೆ ಬರೆದು ಫೋಟೋ ತೆಗೆಯಿರಿ. ಆಯ್ಕೆಯಾಗದ ಚೀಟಿಗಳನ್ನೂ ಲಕೋಟೆಗೆ ಹಾಕಿ ತಾರೀಕು ಬರೆದಿಡಿ. ತನ್ನ ಚೀಟಿ ಕಸದ ಬುಟ್ಟಿಗೆ ಹೋದದ್ದು ಕಂಡವನು ಮುಂದಿನ ಸಲ ಹತ್ತು ಬರೆಯುವುದಿಲ್ಲ, ಎರಡು ಬರೆಯುತ್ತಾನೆ.

ನಮ್ಮ ಎರಡನೇ ಸಭೆಯಲ್ಲಿ ಹನ್ನೊಂದು ಜನರಿಂದ 74 ಚೀಟಿ ಬಂದವು. ಸ್ಮಾರ್ಟ್ ಕ್ಲಾಸೂ ಅದರಲ್ಲಿತ್ತು, ಅಂಕದಲ್ಲಿ ಒಂಬತ್ತನೆಯದಾಯಿತು. ಆಯ್ಕೆಯಾದದ್ದು ಗ್ರಂಥಾಲಯದ ಕೋಣೆ: ಬೆಳಗ್ಗೆ ಏಳೂಕಾಲಕ್ಕೆ ಬೀಗ ತೆಗೆಯುವುದು, ದಿನಕ್ಕಿಬ್ಬರು ಅಜ್ಜಿಯರು, ಒಬ್ಬರು ನಿವೃತ್ತ ಮೇಷ್ಟ್ರು. ಮುಂದಿನ ಜೂನ್‌ನಲ್ಲಿ ಒಂದನೇ ತರಗತಿಗೆ ಹಿಂದಿನ ವರ್ಷಕ್ಕಿಂತ ಆರು ಮಕ್ಕಳು ಜಾಸ್ತಿ ಸೇರಿದರು. ವ್ಯಾನಿನವರು ಬಾಡಿಗೆ ಏರಿಸಿದ್ದೂ ಅದೇ ವರ್ಷ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಸಲ ಏಪ್ರಿಲ್‌ನಲ್ಲಿ ಮತ್ತೆ ಕೂರುತ್ತೇವೆ. ಪ್ರಶ್ನೆ ಇಂಗ್ಲಿಷ್ ಮೀಡಿಯಂ ಕೇಳಿದ ನಾಲ್ಕನೇ ಮನೆಯವರದ್ದು. ಹಳೇ ಲಕೋಟೆ ಹೆಡ್‌ಮೇಷ್ಟ್ರ ಬೀರುವಿನಲ್ಲಿದೆ. ಟೀ ಈ ಸಲ ಪಕ್ಕದ ಅಂಗಡಿಯಿಂದ ತರಿಸುತ್ತೇವೆ. ಬಿಸಿಯೂಟದ ಅಕ್ಕನಿಗೆ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಸಬೇಕು.